ಎತ್ತಿದ ಹಿಮ್ಮಡಿ

ಕಾಸ್ತೆಲ್ಲೀನಾ, ಸೆಪ್ಟೆಂಬರ್ ೧೪, ೧೪೧೯

ಸಿಯೆನಾ ನಗರದ ಶಿಲ್ಪಿ ಮಿನೂಚ್ಚೊ ಅವರಿಗೆ ಅವರ ಒಬ್ಬಳೇ ಮಗಳು ಜಿಲಿಯಾ ಮಾಡುವ ನಮಸ್ಕಾರಗಳು.

ಅಪ್ಪಾ, ಮೇಲಿನ ಸಾಲು ಮರ್ಯಾದೆಗೆ ಬರೆದದ್ದು. ಇನ್ನು ಮುಂದಿನದು ನಿನಗೆ. ನಾನು ಮದುವೆಯಾಗಿ ಫ್ಲಾರೆನ್ಸಿನ ನೆಲದ ಈ ಮನೆಗೆ ಬಂದು ಏಳು ವರ್ಷವಾಯಿತು, ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಓದದೆ ಒಲೆಗೆ ಹಾಕುತ್ತೀಯೇನೋ ಎಂಬ ಭಯ ಇದ್ದೇ ಇದೆ. ಹಾಕುವ ಮೊದಲು ಇದರ ಜೊತೆಗಿಟ್ಟಿರುವ ಚಿತ್ರವನ್ನಾದರೂ ಬಿಡಿಸಿ ನೋಡು.

ಇಲ್ಲಿಗೂ ಸಿಯೆನಾಕ್ಕೂ ಹೇಸರಗತ್ತೆ ಹೊಡೆಯುವ ಚೆಕ್ಕೊ ನಿನ್ನ ಸುದ್ದಿ ತಂದ. ಕಾಂಪೊ ಚೌಕದಲ್ಲಿ ನಿಲ್ಲಿಸಲು ಸಂತ ಅನ್ಸಾನೊನ ಮೂರ್ತಿ ಕೆತ್ತುವ ಕೆಲಸವನ್ನು ಮಹಾಸಭೆ ನಿನಗೆ ಕೊಟ್ಟಿದೆಯಂತೆ. ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ತೋಟದ ಮೇಲಿನ ಸಾಲಿಗೆ ಹತ್ತಿ ಹೋದೆ. ಅಲ್ಲಿಂದ ಬಿಸಿಲಿನ ದಿನ ನಮ್ಮೂರ ಗೋಪುರ ಕಾಣುತ್ತದೆ. ಆಮೇಲೆ ಚೆಕ್ಕೊ ಉಳಿದದ್ದನ್ನೂ ಹೇಳಿದ. ನೀನು ಮಾಡಿ ತೋರಿಸಿದ ಎರಡು ಮಣ್ಣಿನ ಮಾದರಿಯನ್ನೂ ಸಭೆ ತಿರಸ್ಕರಿಸಿತಂತೆ. ಒಬ್ಬ ಹಿರಿಯರು ನೋಡಿ, "ಇವನು ಸಂತನೋ ಬಾಗಿಲಿನ ಅಗಳಿಯೋ? ಇಷ್ಟು ನೆಟ್ಟಗೆ ನಿಂತವ್ನೆ" ಅಂದರಂತೆ. ವಸಂತದಲ್ಲಿ ನೀನು ತೋರಿಸುವ ಮೂರನೆಯದೂ ಹಾಗೇ ಇದ್ದರೆ ಫ್ಲಾರೆನ್ಸಿನಿಂದ ಶಿಲ್ಪಿಯನ್ನು ಕರೆಸುತ್ತಾರಂತೆ. ನಮ್ಮೂರ ಸಂತನನ್ನು ಫ್ಲಾರೆನ್ಸಿನವನು ಕೆತ್ತುವುದೇ! ಇದನ್ನು ಕೇಳಿದ ಮೇಲೆ ನನಗೆ ಬರೆಯದೆ ಇರಲು ಆಗಲಿಲ್ಲ.

ಈಗ ಚಿತ್ರದ ವಿಷಯ. ಸಿಯೆನಾದ ಕಡೆಗೆ ಮುಖ ಮಾಡಿರುವ ಇಳಿಜಾರಿನಲ್ಲಿ ಹೊಸ ಬಳ್ಳಿ ನೆಡಲು ನನ್ನ ಗಂಡ ಬಿಂದೊ ಕಾಲುವೆ ತೋಡಿಸುತ್ತಿದ್ದ. ಗುದ್ದಲಿಗೆ ಕಲ್ಲು ತಾಕಿತು. ತೆಗೆದರೆ ಅಮೃತಶಿಲೆಯ ಒಂದು ಪಾದ. ಹೆಂಗಸಿನದು, ಬರಿಗಾಲು, ಕಣಕಾಲಿನ ಮೇಲಕ್ಕೆ ಒಡೆದಿದೆ. ತೊಳೆದು ಬಿಸಿಲಿಗೆ ಹಿಡಿದು ನೋಡಿದೆ, ತಿರುಗಿ ಆ ಇಳಿಜಾರನ್ನು ನೋಡಿದೆ. ಅಜ್ಜನ ತೊಡೆಯ ಮೇಲೆ ಕೂತು ಕೇಳಿದ ಕತೆಯಲ್ಲಿ ಗೋಪುರ ಕಾಣುವ ಇಳಿಜಾರು, ಓಕ್ ಮರ, ಕುಸಿದ ಕುರಿದೊಡ್ಡಿ ಎಲ್ಲವೂ ಇದ್ದವು. ಇಲ್ಲೂ ಎಲ್ಲವೂ ಇವೆ. ಏನೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಳಿಸಲೇ?

ನಿನ್ನ ಜಿಲಿಯಾ

*

ಸಿಯೆನಾ, ಅಕ್ಟೋಬರ್ ೯, ೧೪೧೯

ಕಾಸ್ತೆಲ್ಲೀನಾದಲ್ಲಿರುವ ಜಿಲಿಯಾಗೆ,

ಒಲೆಗೆ ಹಾಕಲಿಲ್ಲ. ನಿನ್ನ ತೆಸ್ಸತ್ತೆ ಕೈಯಿಂದ ಕಿತ್ತುಕೊಂಡಳು, ಓದಲು ಬಾರದಿದ್ದರೂ ಎದೆಗೊತ್ತಿಕೊಂಡು ಮನೆಯೆಲ್ಲ ಓಡಾಡಿದಳು. ನಾನು ಉತ್ತರ ಬರೆಯುವವರೆಗೆ ಅಡುಗೆ ಮಾಡುವುದಿಲ್ಲವೆಂದು ಕೂತಿದ್ದಾಳೆ. ನನ್ನ ಅಕ್ಕನ ಹಟ ನಿನಗೆ ಗೊತ್ತೇ ಇದೆ. ಹೊಟ್ಟೆ ಹಸಿದು ಬರೆಯುತ್ತಿದ್ದೇನೆ, ಪ್ರೀತಿಯಿಂದಲ್ಲ.

ನಿನಗೆ ತಿಳಿದಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ಶತ್ರುವಿನ ನೀರು ಕುಡಿದು ನಿನಗೆ ಮರೆತಿರುವಂತಿದೆ. ನಮ್ಮ ಜನ ಪಾಯ ತೋಡುವಾಗ ಆ ವಿಗ್ರಹ ಸಿಕ್ಕಿತ್ತು. ಹಳೆಯ ರೋಮನರ ಕಾಲದ ದೇವತೆ, ಮೈಮೇಲೆ ಬಟ್ಟೆಯಿಲ್ಲ. ಚೆಂದವಾಗಿದೆ ಎಂದು ಊರೆಲ್ಲ ಕುಣಿದು ಕಾಂಪೊ ಚೌಕದ ಕಾರಂಜಿಯ ಮೇಲೆ ನಿಲ್ಲಿಸಿತು. ಆಮೇಲೆ ಮಹಾಮಾರಿ ಬಂದು ಅರ್ಧ ಊರು ಸತ್ತಿತು. ಫ್ಲಾರೆನ್ಸಿನ ಜೊತೆಗಿನ ಕದನದಲ್ಲಿ ನಾವು ಸೋತೆವು. ಸಭೆಯಲ್ಲಿ ಒಬ್ಬರು ಎದ್ದು ನಿಂತು, ಇವಳು ಬಂದಾಗಿನಿಂದ ನಮಗೆ ಕೇಡೇ, ಒಡೆದು ಚೂರುಗಳನ್ನು ಶತ್ರುವಿನ ನೆಲದಲ್ಲಿ ಹೂಳೋಣ, ಕೇಡು ಅವರಿಗೆ ತಗಲಲಿ ಎಂದರು. ಸಭೆ ಒಪ್ಪಿತು. ಒಡೆಯಲು ಹೇಳಿದ್ದು ನನ್ನ ಅಪ್ಪ ವಾನ್ನಿಗೆ. ಆಗ ಅವನಿಗೆ ಇಪ್ಪತ್ತೈದು ವರ್ಷ, ಊರಿನಲ್ಲಿ ಅವನಷ್ಟು ಒಳ್ಳೆಯ ಕೈ ಇನ್ನೊಂದಿರಲಿಲ್ಲ. ಊರು ಹೇಳಿತು, ಒಡೆದ. ಕಂಬಳಿ ಹೊದ್ದು, ಗಡಿ ದಾಟಿ, ಹೂತು ಬಂದ. ಅದು ಅವನು ಈ ಗಣರಾಜ್ಯಕ್ಕೆ ಮಾಡಿದ ಸೇವೆ. ಅವನು ಹೂತದ್ದನ್ನು ಅವನ ಮೊಮ್ಮಗಳು ತೊಳೆದು ಮನೆಗೆ ಕಳಿಸುತ್ತೇನೆ ಎನ್ನುತ್ತಾಳೆ.

ಬೇಡ. ನಿನ್ನ ಗಂಡ ಇಲ್ಲಿಗೆ ಬಂದದ್ದು ದ್ರಾಕ್ಷಿ ತುಳಿಯಲು ಕಲ್ಲಿನ ತೊಟ್ಟಿ ಬೇಕೆಂದು. ತೊಟ್ಟಿ ಕೊಂಡ, ಮಗಳನ್ನೂ ಕರೆದುಕೊಂಡು ಹೋದ. ಅಂದಿನಿಂದ ಫ್ಲಾರೆನ್ಸಿನ ನೆಲದಿಂದ ಏನು ಬಂದರೂ ನನಗೆ ಅನುಮಾನ. ಸಂತನನ್ನು ನಾನೇ ಕೆತ್ತುತ್ತೇನೆ, ನನಗೆ ಯಾರ ಕಾಲೂ ಬೇಕಾಗಿಲ್ಲ. ಉತ್ತರ ಬರೆಯಬೇಡ.

ಮಿನೂಚ್ಚೊ, ಸಿಯೆನಾದ ಶಿಲ್ಪಿ

ಇನ್ನೊಂದು ಮಾತು. ನಿನ್ನ ಚಿತ್ರ ತಪ್ಪಾಗಿದೆ. ಗೆರೆ ಎಳೆಯುವುದನ್ನು ನಾನು ಹೀಗೆ ಕಲಿಸಿರಲಿಲ್ಲ. ಹಿಮ್ಮಡಿ ನೆಲದಿಂದ ಎದ್ದಿರುವಂತೆ ಬರೆದಿದ್ದೀಯ. ಅಷ್ಟು ಭಾರದ ಕಲ್ಲನ್ನು ಹಾಗೆ ನಿಲ್ಲಿಸಲು ಆಗುವುದಿಲ್ಲ. ಹಿಮ್ಮಡಿ ನಿಜವಾಗಿಯೂ ಎತ್ತಿದೆಯೇ?

*

ಕಾಸ್ತೆಲ್ಲೀನಾ, ನವೆಂಬರ್ ೨, ೧೪೧೯

ಅಪ್ಪಾ,

ಎತ್ತಿದೆ. ಅದರ ಕೆಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತದೆ. ಬೆರಳುಗಳು ಮಾತ್ರ ನೆಲಕ್ಕೆ ಒತ್ತಿವೆ, ಹೆಬ್ಬೆರಳಿನ ಬುಡದಲ್ಲಿ ಚರ್ಮ ಮಡಚಿರುವುದೂ ಕಾಣುತ್ತದೆ. ಚಿತ್ರ ತಪ್ಪಿಲ್ಲ. ಗೆರೆ ಎಳೆಯುವುದನ್ನು ನೀನು ಚೆನ್ನಾಗಿಯೇ ಕಲಿಸಿದ್ದೆ.

ಉತ್ತರ ಬೇಡ ಎಂದವನು ಕೊನೆಯಲ್ಲಿ ಪ್ರಶ್ನೆ ಕೇಳಿದರೆ ನಾನೇನು ಮಾಡಲಿ? ತೆಸ್ಸತ್ತೆ ಈಗಲಾದರೂ ಅಡುಗೆ ಮಾಡಿದಳೇ?

ಕಳೆದ ವಾರ ದ್ರಾಕ್ಷಾರಸದ ಪೀಪಾಯಿಗಳ ಜೊತೆ ನಾವು ಫ್ಲಾರೆನ್ಸಿಗೆ ಹೋಗಿದ್ದೆವು. ಅಲ್ಲಿ ಒಂದೊಂದು ಕಸುಬಿನ ಸಂಘವೂ ತನ್ನ ಸಂತನನ್ನು ಬೀದಿಗೆ ಕಾಣುವಂತೆ ಗೋಡೆಯ ಗೂಡಿನಲ್ಲಿ ನಿಲ್ಲಿಸುತ್ತಿದೆ. ಉಣ್ಣೆಯವರು ನಿಲ್ಲಿಸಿದರೆಂದು ನಾರುಬಟ್ಟೆಯವರು, ಅವರು ನಿಲ್ಲಿಸಿದರೆಂದು ಕಮ್ಮಾರರು. ಒಬ್ಬರಿಗೊಬ್ಬರು ಸೋಲಬಾರದೆಂಬ ಹೊಟ್ಟೆಕಿಚ್ಚೇ ಅಲ್ಲಿ ಶಿಲ್ಪಿಗಳಿಗೆ ಊಟ ಹಾಕುತ್ತಿದೆ. ಅಪ್ಪಾ, ಹೇಳಿದರೆ ಬೈಯುತ್ತೀಯ, ಆದರೂ ಹೇಳುತ್ತೇನೆ. ಅವುಗಳಲ್ಲಿ ಒಬ್ಬ ಸಂತ ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಸಡಿಲ ಮಾಡಿ ನಿಂತಿದ್ದಾನೆ. ಬಿಂದೊ ಸಂತೆಯಲ್ಲಿ ಗಿರಾಕಿಗೆ ಕಾಯುವಾಗ ನಿಲ್ಲುವುದೂ ಹಾಗೆಯೇ. ನೋಡುತ್ತಾ ನಿಂತರೆ ಈಗ ಗೂಡಿನಿಂದ ಇಳಿದು ಬಂದಾನು ಅನಿಸುತ್ತದೆ. ನಾನು ಬಗ್ಗಿ ಕಾಲು ನೋಡಿದೆ. ನಮ್ಮ ಮನೆಯಲ್ಲಿರುವ ಪಾದವೂ ಅದನ್ನೇ ಮಾಡುತ್ತಿದೆ, ಆದರೆ ನೂರು ಪಾಲು ಚೆನ್ನಾಗಿ.

ನೀವು ಕೇಡನ್ನು ತಂದು ಇವರ ನೆಲದಲ್ಲಿ ಹೂತಿರಿ. ಇವರ ನೆಲದಲ್ಲಿ ಏನು ಮೊಳೆತಿದೆ ಎಂದು ಒಮ್ಮೆ ಬಂದು ನೋಡಬೇಕು ನೀನು.

ಬಿಂದೊ ನಗುತ್ತಾನೆ. "ನಿಮ್ಮೂರೋರು ಕೈಗೆ ಒಳ್ಳೇದು ಸಿಕ್ಕಿದ್ರೆ ಒಡೀತಾರೆ, ಒಡೆದ್ರೆ ನಮಗೇ ತಂದು ಕೊಡ್ತಾರೆ. ಇಂಥ ಶತ್ರು ಎಲ್ಲರಿಗೂ ಸಿಗ್ಲಿ ಬಿಡು" ಎಂದ. ಆ ದಿನ ಅವನಿಗೆ ತಣ್ಣಗಿನ ಸಾರು ಬಡಿಸಿದೆ. ಇವನ ಮಾತಾದರೂ ಪರವಾಗಿಲ್ಲ, ಬಾವಿಕಟ್ಟೆಯ ಮಾತು ಕೇಳಲಾಗುವುದಿಲ್ಲ. "ಏನೇ ಜಿಲಿಯಾ, ನಿಮ್ಮೂರಲ್ಲಿ ಒಂದು ಕಲ್ಲಿಗೆ ಕೈಕಾಲು ಮೂಡ್ಸೋ ಗಂಡ್ಸು ಇಲ್ವಂತಲ್ಲ? ಕೊನೆಗೆ ನಮ್ಮೋರೇ ಹೋಗ್ಬೇಕಂತಲ್ಲ?" ಎಂದು ಪಕ್ಕದ ಮನೆಯವಳು ಕೇಳಿದಳು. ನಾನು ಕೊಡ ತುಂಬಿಸಿಕೊಂಡು ತಲೆಯೆತ್ತಿ ನಡೆದು ಬಂದೆ. ಮನೆಗೆ ಬಂದು ಅತ್ತುಬಿಟ್ಟೆ. ಏಳು ವರ್ಷದಿಂದ ಇಲ್ಲಿ ಉಣ್ಣುತ್ತಿದ್ದೇನೆ, ಆದರೂ ನಾನು ಸಿಯೆನಾದವಳು. ನೀನು ಸೋತರೆ ನಾನು ಈ ಬಾವಿಗೆ ನೀರಿಗೆ ಹೋಗಲಾರೆ.

ಅದಕ್ಕೇ ನಿನ್ನ ಅಪ್ಪಣೆಗೆ ಕಾಯಲಿಲ್ಲ. ಪಾದವನ್ನು ಚೆಸ್ಟ್‌ನಟ್ ಮೂಟೆಯಲ್ಲಿಟ್ಟು ಚೆಕ್ಕೊನ ಕೈಯಲ್ಲಿ ಕಳಿಸಿದ್ದೇನೆ. ಬೇಡವಾದರೆ ಬಾವಿಗೆ ಎಸೆ. ಚೆಸ್ಟ್‌ನಟ್ ತೆಸ್ಸತ್ತೆಗೆ.

ನಿನ್ನ ಜಿಲಿಯಾ

*

ಸಿಯೆನಾ, ಡಿಸೆಂಬರ್ ೨೦, ೧೪೧೯

ಜಿಲಿಯಾ,

ಬಾವಿಗೆ ಎಸೆದಿಲ್ಲ. ನಮ್ಮ ಬಾವಿಯ ನೀರು ಚೆನ್ನಾಗಿದೆ, ಯಾಕೆ ಕೆಡಿಸಲಿ ಎಂದು ಇಟ್ಟುಕೊಂಡಿದ್ದೇನೆ.

ಚೆಕ್ಕೊ ಊರಬಾಗಿಲು ದಾಟಿದ ಕತೆಯನ್ನು ನೀನು ಕೇಳಬೇಕು. ಸುಂಕದವನು ಮೂಟೆಗೆ ಕಬ್ಬಿಣದ ಸರಳು ಚುಚ್ಚಿದನಂತೆ, ಠಣ್ಣೆಂದಿತಂತೆ.

"ಒಳಗೇನೋ?"

"ಕಲ್ಲು, ಸ್ವಾಮಿ."

"ಚೆಸ್ಟ್‌ನಟ್ ಮೂಟೇಲಿ ಕಲ್ಲು ಯಾಕೋ?"

"ಫ್ಲಾರೆನ್ಸಿನೋರು ಕಟ್ಟಿದ ಮೂಟೆ ಸ್ವಾಮಿ. ತೂಕಕ್ಕೆ ಹಾಕಿರ್ತಾರೆ."

ಸುಂಕದವನು ಹೊಟ್ಟೆ ಹಿಡಿದುಕೊಂಡು ನಕ್ಕು ಒಳಗೆ ಬಿಟ್ಟನಂತೆ. ಫ್ಲಾರೆನ್ಸಿನವರ ಮೋಸದ ಬಗ್ಗೆ ಏನು ಹೇಳಿದರೂ ನಮ್ಮೂರಿನಲ್ಲಿ ನಂಬುತ್ತಾರೆ. ಅಷ್ಟರ ಮಟ್ಟಿಗೆ ನಿನ್ನ ಗಂಡನ ಊರಿನಿಂದ ಉಪಕಾರವಾಯಿತು.

ಆದರೆ ನಗುವ ವಿಷಯವಲ್ಲ ಇದು. ಮೂಟೆಯಲ್ಲಿ ಬಂದದ್ದು ಏನೆಂದು ತಿಳಿದರೆ, ಕೇಡನ್ನು ಊರೊಳಗೆ ವಾಪಸು ತಂದವನೆಂದು ನನ್ನನ್ನು ಗಡಿಯಾಚೆ ಅಟ್ಟುತ್ತಾರೆ. ಮನೆಯ ಬಾಗಿಲಿಗೆ ಮೊಳೆ ಹೊಡೆಯುತ್ತಾರೆ. ನಿನ್ನ ಅತ್ತೆ ಮೊದಲ ದಿನ ಅದನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಹಿತ್ತಲಿಗೆ ಓಡಿದಳು. ಮರುದಿನ ಒಂದು ಕೋಳಿ ಸತ್ತಿತು. "ನೋಡ್ದ್ಯಾ? ಬಂದು ಒಂದಿನ ಆಗಿಲ್ಲ, ಬಲಿ ತಗೊಳ್ತು" ಎಂದಳು. ಆ ಕೋಳಿಗೆ ಅವಳಷ್ಟೇ ವಯಸ್ಸಾಗಿತ್ತು ಎಂದರೆ ಕೇಳುವುದಿಲ್ಲ. ಅವಳ ಸಮಾಧಾನಕ್ಕೆ ಪಾದವನ್ನು ಹಿಟ್ಟು ನಾದುವ ಮರಿಗೆಯ ಕೆಳಗೆ ಮುಚ್ಚಿಟ್ಟೆ. ಅವಳು ಅತ್ತ ಹೋದಾಗಲೆಲ್ಲ ತೆಗೆದು ನೋಡುತ್ತೇನೆ.

ಮಗಳೇ, ಹಿಮ್ಮಡಿ ಎತ್ತಿದೆ. ನಾನು ಐವತ್ತೇಳು ವರ್ಷ ಬದುಕಿ ಇದನ್ನು ಕಾಣದೆ ಇದ್ದೆ. ಒಂದು ಹಿಮ್ಮಡಿ ಎದ್ದರೆ ಮಂಡಿ ಮುಂದೆ ಬರುತ್ತದೆ, ಮಂಡಿ ಬಂದರೆ ಆ ಕಡೆಯ ಸೊಂಟ ಇಳಿಯುತ್ತದೆ, ಅದನ್ನು ಸರಿದೂಗಿಸಲು ಭುಜ ಓರೆಯಾಗುತ್ತದೆ. ತಲೆ ಸುಮ್ಮನೆ ಇರಲಾರದು. ಅಂಗೈಯಗಲದ ಕಲ್ಲಿನಿಂದ ಇಡೀ ಮೈಯನ್ನು ಕಟ್ಟಬಹುದು. ನಾನೇ ಹಾಗೆ ನಿಂತು ನೋಡಿದೆ. ಭುಜ ಎಲ್ಲಿ ಹೋಯಿತೆಂದು ತಿರುಗಿ ನೋಡುವಷ್ಟರಲ್ಲಿ ಮಣ್ಣಿನ ತೊಟ್ಟಿಗೆ ಬಿದ್ದೆ. ಎದುರು ಮನೆಯ ಚಮ್ಮಾರ ಕಿಟಕಿಯಿಂದ ನೋಡಿ, "ಏನ್ ಮಾಸ್ತರೇ, ಬೆಳಿಗ್ಗೆನೇ ಶುರುನಾ?" ಎಂದು ಕೇಳಿದ. ನಾನು ಕುಡಿಯುತ್ತಿದ್ದೇನೆಂದು ಈಗ ಬೀದಿಯೆಲ್ಲ ಮಾತು.

ಇನ್ನೊಂದು ಸಂಗತಿ. ಪಾದ ಒಡೆದಿರುವ ಜಾಗವನ್ನು ನೀನು ಸರಿಯಾಗಿ ನೋಡಿದ್ದೀಯಾ? ಏಟಿನ ಗುರುತು ಎಡದಿಂದ ಬಲಕ್ಕೆ ಇಳಿದಿದೆ. ಅಪ್ಪ ಎಡಗೈಯವನು. ಹಾಗೆ ಹೊಡೆಯುತ್ತಿದ್ದವನು ಈ ಊರಿನಲ್ಲಿ ಅವನೊಬ್ಬನೇ. ಅನುಮಾನವೇ ಇಲ್ಲ, ಇದು ಅವಳೇ. ಆ ಗುರುತಿನ ಮೇಲೆ ಬೆರಳಿಟ್ಟು ನಾನು ಬಹಳ ಹೊತ್ತು ಕೂತಿದ್ದೆ.

ಊರಿನ ಅತಿ ಒಳ್ಳೆಯ ಕೈ ಎಂದು ನಿನಗೆ ಬರೆದಿದ್ದೆನಲ್ಲ. ಆ ಕೈ ಅದಾದ ಮೇಲೆ ಒಂದು ಮೂರ್ತಿಯನ್ನೂ ಕೆತ್ತಲಿಲ್ಲ. ತೊಟ್ಟಿ, ಹೊಸ್ತಿಲು, ಗೋರಿಯ ಚಪ್ಪಡಿ ಅಷ್ಟೇ. ನಾನು ಹುಡುಗನಾಗಿದ್ದಾಗ ಯಾಕೆಂದು ಕೇಳಿದ್ದೆ. "ಒಡೆಯೋಕ್ ಮುಂಚೆ ಒಂದ್ಸಾರಿ ಕೈಯಿಟ್ಟು ನೋಡ್ದೆ ಮಗಾ. ಬಿಸಿಲಿಗೆ ಬೆಚ್ಚಗಿದ್ಳು" ಎಂದ. ನಾನು ಆಗ ಅದನ್ನು ಉತ್ತರವೆಂದು ತಿಳಿಯಲೇ ಇಲ್ಲ.

ಕ್ರಿಸ್ತಜಯಂತಿಗೆ ನಿನ್ನ ಅತ್ತೆ ಜೇನು ಮೆಣಸಿನ ರೊಟ್ಟಿ ಕಳಿಸಿದ್ದಾಳೆ. ಎರಡಿವೆ. ಇನ್ನೊಂದು ಯಾರಿಗೆಂದು ನಾನು ಕೇಳಲಿಲ್ಲ.

ಮಿನೂಚ್ಚೊ

*

ಕಾಸ್ತೆಲ್ಲೀನಾ, ಫೆಬ್ರವರಿ ೨೬, ೧೪೨೦

ಅಪ್ಪಾ,

ಎರಡು ಕಾಗದ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ನಿನ್ನ ಕೆಲಸದ ಮನೆಯ ಬಾಗಿಲು ಮುಚ್ಚೇ ಇರುತ್ತದೆ, ತೆಸ್ಸತ್ತೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಚೆಕ್ಕೊ ಹೇಳುತ್ತಾನೆ. ಇನ್ನೂ ಒಂದು ಮಾತು ಹೇಳಿದ. ಆ ಸುಂಕದವನು ಚೆಸ್ಟ್‌ನಟ್ ಮೂಟೆಯ ಕಲ್ಲಿನ ತಮಾಷೆಯನ್ನು ಹೆಂಡದಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಮಿನೂಚ್ಚೊನ ಮನೆಗೆ ಹೋದ ಮೂಟೆ ಎಂದೂ ಸೇರಿಸುತ್ತಾನಂತೆ. ನಗುವವರ ನಡುವೆ ನಗದೆ ಕೇಳಿಸಿಕೊಳ್ಳುವವನೊಬ್ಬ ಇದ್ದರೆ ಸಾಕು.

ನನಗೆ ಭಯವಾಗುತ್ತಿದೆ. ನಿನ್ನನ್ನು ಗೆಲ್ಲಿಸಲು ಕಳಿಸಿದ್ದೇ ನಿನ್ನನ್ನು ಊರು ಬಿಡಿಸಿದರೆ ನಾನೇನು ಮಾಡಲಿ?

ಬಿಂದೊ ಆ ಇಳಿಜಾರಿನಲ್ಲಿ ಬಳ್ಳಿ ನೆಡಲಿಲ್ಲ. ನೆಡು ಎಂದರೆ, "ಇರ್ಲಿ ಬಿಡು, ಅಲ್ಲಿ ನಿಮ್ಮಜ್ಜನ ಸಾಮಾನು ಇದೆ" ಎಂದ. ಜೇನು ಮೆಣಸಿನ ರೊಟ್ಟಿ ತಿಂದ ಮೇಲೆ ಸಿಯೆನಾವನ್ನು ಬೈಯುವುದು ಸ್ವಲ್ಪ ಕಡಿಮೆಯಾಗಿದೆ. ನಾವು ದ್ರಾಕ್ಷಿ ತುಳಿಯುವ ತೊಟ್ಟಿ ಈಗಲೂ ನೀನು ಕೆತ್ತಿದ್ದೇ. ತುಳಿಯುವಾಗ ನಿನ್ನ ಉಳಿಯ ಗೆರೆಗಳು ಅಂಗಾಲಿಗೆ ತಾಕುತ್ತವೆ.

ಒಂದೇ ಸಾಲು ಬರೆ, ಸಾಕು.

ಜಿಲಿಯಾ

*

ಸಿಯೆನಾ, ಏಪ್ರಿಲ್ ೩, ೧೪೨೦

ಜಿಲಿಯಾ,

ಒಂದು ಸಾಲು ಕೇಳಿದ್ದೆ. ಇಡೀ ಕತೆಯನ್ನೇ ಬರೆಯುತ್ತೇನೆ, ಏಕೆಂದರೆ ಇದನ್ನು ನಿನಗೆ ನಾನೇ ಹೇಳಬೇಕು, ಚೆಕ್ಕೊ ಹೇಳಿದರೆ ಉಪ್ಪು ಖಾರ ಜಾಸ್ತಿಯಾಗುತ್ತದೆ.

ಮೂರನೆಯ ಮಾದರಿಯನ್ನು ಮೊನ್ನೆ ಸಭೆಯ ಮುಂದಿಟ್ಟೆ. ಬಟ್ಟೆ ತೆಗೆದೆ. ಅನ್ಸಾನೊ ನಮ್ಮೂರಿಗೆ ಮೊದಲು ಕ್ರಿಸ್ತನ ದೀಕ್ಷೆ ಕೊಟ್ಟವನು, ಅದಕ್ಕಾಗಿ ರೋಮನರು ಸೆರೆಗೆ ಹಾಕಿ ಕೊಂದಾಗ ಇಪ್ಪತ್ತು ವರ್ಷದ ಹುಡುಗ. ಇಪ್ಪತ್ತರ ಹುಡುಗ ಅಗಳಿಯ ಹಾಗೆ ನಿಲ್ಲುವುದಿಲ್ಲ. ನನ್ನ ಅನ್ಸಾನೊ ಸೆರೆಮನೆಯ ಕಡೆಗೆ ಹೆಜ್ಜೆ ಎತ್ತಿದ್ದಾನೆ. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿದೆ. ಕೈಯಲ್ಲಿ ನಮ್ಮ ಕಪ್ಪು ಬಿಳುಪಿನ ಬಾವುಟ. ಅಗಳಿ ಎಂದಿದ್ದ ಹಿರಿಯ ಎದ್ದು ಬಂದು ಸುತ್ತಲೂ ತಿರುಗಿ ನೋಡಿ, "ಎಲ್ಲಿಗೋ ಹೊರಟವ್ನಲ್ಲಯ್ಯ ಇವ್ನು" ಎಂದ. ಅಷ್ಟು ಸಾಕಾಗಿತ್ತು ನನಗೆ.

ಆಗ ನಾಲ್ದೊ ಎದ್ದ. ಸಭೆಯಲ್ಲಿ ಅವನು ಮಾತಾಡಿದರೆ ಯಾರಾದರೊಬ್ಬರು ಊರು ಬಿಡುತ್ತಾರೆ ಎಂಬುದು ರೂಢಿ.

"ಮಿನೂಚ್ಚೊ, ಈ ನಿಲುವು ಎಲ್ಲಿಂದ ಬಂತು? ನಿಮ್ಮಪ್ಪ ಒಡೆದು ಹೂತ ಪೀಡೆಯ ಕಾಲು ನಿನ್ ಮನೇಲಿದೆ ಅಂತ ಕೇಳ್ದೆ. ಹೌದೋ ಅಲ್ವೋ?"

ಅಲ್ಲ ಎನ್ನಬಹುದಿತ್ತು. ಮನೆಯಲ್ಲಿ ನಿನ್ನ ಅತ್ತೆ ಅದರ ಮೇಲೆ ಮರಿಗೆ ಮುಚ್ಚಿ, ಮರಿಗೆಯ ಮೇಲೆ ತಾನೇ ಕೂತಿದ್ದಳು. ಯಾರು ಬಂದರೂ ಅವಳನ್ನು ಎಬ್ಬಿಸಲು ಆಗುತ್ತಿರಲಿಲ್ಲ. ಆದರೆ ಅಪ್ಪ ಮುಖ ಮುಚ್ಚಿಕೊಂಡು ಮಾಡಿದ್ದನ್ನು ನಾನೂ ಮುಖ ಮುಚ್ಚಿಕೊಂಡೇ ಮಾಡಬೇಕೇ ಅನಿಸಿತು. "ಹೌದು, ಇರಿ ತರ್ತೀನಿ" ಎಂದು ಹೇಳಿ ಮನೆಗೆ ಬಂದೆ. ನಿನ್ನ ಅತ್ತೆ, "ಹುಚ್ಚಾ, ನಿನ್ನ ಅಟ್ತಾರೆ ಕಣೋ" ಎಂದು ಅಳುತ್ತಲೇ ಎದ್ದು ನಿಂತಳು. ಪಾದವನ್ನು ಬಟ್ಟೆಯಲ್ಲಿ ಸುತ್ತದೆ, ಕಾಂಪೊ ಚೌಕದ ನಡುವೆ, ಎಲ್ಲರ ಕಣ್ಣ ಮುಂದೆ ಎತ್ತಿಕೊಂಡು ಹೋದೆ. ಸಂತನ ಪಕ್ಕದಲ್ಲಿ ಇಟ್ಟೆ. ಮುಂದಿನ ಸಾಲಿನವರು ಬೆಂಚನ್ನು ಹಿಂದಕ್ಕೆ ಎಳೆದುಕೊಂಡರು.

ನಾನು ಮಾತುಗಾರನಲ್ಲ, ನಿನಗೆ ಗೊತ್ತು. ಆ ದಿನ ಬಂದದ್ದನ್ನು ಬಂದ ಹಾಗೆ ಹೇಳಿದೆ.

"ಇದು ನಮ್ಮಪ್ಪನ ಸುತ್ತಿಗೆ ಏಟು. ಊರು ಒಡಿ ಅಂತು, ಒಡೆದ. ಊರಿಗೋಸ್ಕರ ತನ್ ಕೈಯನ್ನೇ ಹೂತ್ಬಿಟ್ಟ, ಆಮೇಲ್ ಸಾಯೋತನ್ಕ ತೊಟ್ಟಿ ಕೆತ್ತಿದ. ಅವನನ್ನ ಬೈಯೋಕೆ ನಾನ್ ಬಂದಿಲ್ಲ. ಒಂದ್ ಮಾತ್ ಕೇಳ್ತೀನಿ. ಫ್ಲಾರೆನ್ಸಿನೋರು ರೋಮನರ ಹಳೇ ಪುಸ್ತಕ ಓದ್ಸೋಕೆ ಮೇಷ್ಟ್ರನ್ನ ಕರೆಸಿದ್ರು ಅಂತ ನಾವೂ ಕರೆಸಿದ್ವಿ, ನಮ್ ಮಕ್ಳನ್ನ ಕೂರಿಸಿ ಓದಿಸ್ತಿದೀವಿ. ಆ ಪುಸ್ತಕ ಬರೆದ ಜನಾನೇ ಈ ಕಾಲು ಕೆತ್ತಿದ್ದು. ಪುಸ್ತಕಕ್ಕೆ ಗೌರವ, ಕಾಲಿಗೆ ಸುತ್ತಿಗೆ. ಇದ್ಯಾವ ನ್ಯಾಯ? ಕೇಡು ಹೂತ್ವಿ ಅಂದ್ಕೊಂಡ್ವಿ. ಅವರ ನೆಲದಲ್ಲಿ ಏನ್ ಮೊಳೆತಿದೆ ಅಂತ ಹೋಗ್ ನೋಡ್ಬನ್ನಿ. ಇದು ನನ್ ಮಾತಲ್ಲ, ನನ್ ಮಗಳ ಮಾತು. ಅಲ್ಲಿದ್ದಾಳೆ, ಗಡಿಯಾಚೆ. ಅವಳೂ ಸಿಯೆನಾದೋಳೇ."

ಏಳು ವರ್ಷದಲ್ಲಿ ಊರಿನವರ ಮುಂದೆ ನಿನ್ನ ಹೆಸರೆತ್ತಿದ್ದು ಅದೇ ಮೊದಲು.

ನಾಲ್ದೊ ಬಿಡಲಿಲ್ಲ. "ಇದನ್ನ ಇವತ್ತೇ ತಗೊಂಡ್ಹೋಗಿ ಮತ್ತೆ ಅವರ ನೆಲಕ್ಕೇ ಎಸೀರಿ" ಎಂದ. ಹಿಂದಿನ ಬೆಂಚಿನಿಂದ ಅಗಳಿ ಹಿರಿಯ ಕೂಗಿದ. "ಒಂದ್ಸಾರಿ ಎಸೆದಿದ್ಕೆ ಅಲ್ಲಿ ಬೀದಿಗೊಬ್ಬ ಶಿಲ್ಪಿ ಹುಟ್ಟವ್ನೆ. ಮತ್ತೆ ಎಸೆದ್ರೆ ಮನೆಗೊಬ್ಬ ಹುಟ್ತಾನೆ. ಅವರಿಗ್ಯಾಕಯ್ಯಾ ಪುಕ್ಕಟೆ ಕೊಡ್ತೀಯಾ?"

ಸಭೆಯೆಲ್ಲ ನಕ್ಕಿತು. ನಕ್ಕ ಮೇಲೆ ಹೆದರಿಸುವುದು ಕಷ್ಟ. ಮತ ಹಾಕಲು ಕಾಳು ಹಂಚಿದರು, ಬಿಳಿ ಎಂದರೆ ಒಪ್ಪಿಗೆ, ಕರಿ ಎಂದರೆ ಇಲ್ಲ. ಪೆಟ್ಟಿಗೆ ತೆರೆದು ಸುರಿದಾಗ ನನಗೆ ನೋಡಲು ಧೈರ್ಯವಾಗಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದೆ. ಬಿಳಿಯೇ ಹೆಚ್ಚಿತ್ತು. ಬಹಳವೇನಲ್ಲ, ಸ್ವಲ್ಪ. ಮೂರ್ತಿ ನನ್ನದೇ. ಅದರ ಜೊತೆಗೆ ಇನ್ನೊಂದು ಆಜ್ಞೆಯೂ ಆಗಿದೆ. ಈ ಪಾದ ಇನ್ನು ಮುಂದೆ ಯಾವ ಕಾರಣಕ್ಕೂ ಸಿಯೆನಾದ ಗೋಡೆ ದಾಟಿ ಹೊರಗೆ ಹೋಗಕೂಡದು. ಫ್ಲಾರೆನ್ಸಿನವರ ಕೈಗೆ ಸಿಗಬಾರದಂತೆ. ಅರವತ್ತು ವರ್ಷದ ಹಿಂದೆ ಅವರ ಕೈಗೇ ಸೇರಲೆಂದು ಹೂತ ಊರು ಇದೇ.

ನಿನ್ನ ಅಪ್ಪ

*

ಕಾಸ್ತೆಲ್ಲೀನಾ, ಏಪ್ರಿಲ್ ೧೧, ೧೪೨೦

ಅಪ್ಪಾ,

ಕಾಗದ ಓದಿದ ತಕ್ಷಣ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಮನೆಯಲ್ಲಿ ನೀರು ಬೇಕಾದಷ್ಟಿತ್ತು. ಪಕ್ಕದ ಮನೆಯವಳು ಇದ್ದಳು, ದೇವರು ದೊಡ್ಡವನು. "ನಮ್ಮೂರ ಸಂತನನ್ನ ನಮ್ಮಪ್ಪನೇ ಕೆತ್ತೋದು. ನಿಮ್ಮೋರಿಗೆ ಬೇಜಾರಾದ್ರೆ ಬಂದು ನೋಡ್ಕೊಂಡು ಹೋಗ್ಲಿ, ನೋಡೋಕೆ ದುಡ್ಡಿಲ್ಲ" ಎಂದೆ. ಅವಳು ಹಗ್ಗ ಬಿಟ್ಟುಬಿಟ್ಟಳು, ಬಿಂದಿಗೆ ಬಾವಿಗೆ ಬಿತ್ತು. ಬಿಂದೊ ಹೋಗಿ ತೆಗೆದುಕೊಟ್ಟು ಬಂದ.

ಸಭೆಯಲ್ಲಿ ನನ್ನ ಹೆಸರು ಹೇಳಿದೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ. ಕಾಗದ ಮಡಿಸಿದಲ್ಲಿ ಹರಿಯುತ್ತಿದೆ.

ಒಳ್ಳೆಯ ಕಲ್ಲು ಆರಿಸಿಕೋ. ಕೈ ಜೋಪಾನ.

ನಿನ್ನ ಜಿಲಿಯಾ

*

ಸಿಯೆನಾ, ಡಿಸೆಂಬರ್ ೬, ೧೪೨೦

ಮಗಳೇ,

ಸಂತನನ್ನು ನಿಲ್ಲಿಸಿದೆವು. ಮೊನ್ನೆ ಅನ್ಸಾನೊನ ಹಬ್ಬದ ದಿನ ಅಂಗಡಿಗಳನ್ನೆಲ್ಲ ಮುಚ್ಚಿ, ಗಂಟೆ ಬಾರಿಸಿ, ಎತ್ತಿನ ಬಂಡಿಯಲ್ಲಿ ನನ್ನ ಮನೆಯ ಬಾಗಿಲಿನಿಂದ ಕಾಂಪೊ ಚೌಕದವರೆಗೆ ಮೆರವಣಿಗೆ ಮಾಡಿದರು. ಹೆಂಗಸರು ಅಲಂಕಾರಕ್ಕೆಂದು ಕಿಟಕಿಯಿಂದ ಕಂಬಳಿ ಇಳಿಬಿಟ್ಟಿದ್ದರು. ಚಮ್ಮಾರ ನನ್ನ ಕೈ ಹಿಡಿದು, "ಕುಡಿದಿದ್ರೂ ಪರ್ವಾಗಿಲ್ಲ ಮಾಸ್ತರೇ, ಹಿಂಗೇ ಕುಡೀರಿ" ಎಂದ. ನಿನ್ನ ಅತ್ತೆ ಎಲ್ಲರಿಗಿಂತ ಮುಂದೆ ನಡೆದಳು. ಪಾದವನ್ನು ಮೊದಲಿನಿಂದ ಕಾಪಾಡಿದ್ದು ತಾನೇ ಎಂದು ಈಗ ಊರಿಗೆಲ್ಲ ಹೇಳುತ್ತಾಳೆ. ಸತ್ತ ಕೋಳಿಯ ಮಾತು ಎತ್ತುವ ಹಾಗಿಲ್ಲ.

ಹಬ್ಬದ ಮರುದಿನ ಫ್ಲಾರೆನ್ಸಿನಿಂದ ಇಬ್ಬರು ಶಿಲ್ಪಿಗಳು ಬಂದಿದ್ದರು. ಉಣ್ಣೆ ಕೊಳ್ಳಲು ಬಂದವರ ವೇಷ ಹಾಕಿದ್ದರು, ಆದರೆ ಕೈಬೆರಳಿನ ಕಲ್ಲುಪುಡಿ ಸುಳ್ಳು ಹೇಳುವುದಿಲ್ಲ. ಮೂರ್ತಿಯ ಮುಂದೆ ಬಹಳ ಹೊತ್ತು ನಿಂತರು. ಒಬ್ಬ ನೆಲಕ್ಕೆ ಕೂತು, ತಲೆ ಓರೆ ಮಾಡಿ, ಎತ್ತಿದ ಹಿಮ್ಮಡಿಯ ಕೆಳಗೆ ತನ್ನ ಹೆಬ್ಬೆರಳು ತೂರಿಸಿ ನೋಡಿದ. ನಾನು ಪಕ್ಕದಲ್ಲೇ ಚೆಸ್ಟ್‌ನಟ್ ತಿನ್ನುತ್ತಾ ಏನೂ ತಿಳಿಯದವನಂತೆ ನಿಂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಚೆಸ್ಟ್‌ನಟ್ ತಿಂದಿಲ್ಲ. ಅವರು ಊರಿಗೆ ಹೋಗಿ ಇದಕ್ಕಿಂತ ಒಳ್ಳೆಯದನ್ನು ಕೆತ್ತುತ್ತಾರೆ, ನನಗೆ ಗೊತ್ತು. ಕೆತ್ತಲಿ. ಆಗ ನಾವು ಅದಕ್ಕಿಂತಲೂ ಒಳ್ಳೆಯದನ್ನು ಕೆತ್ತಬೇಕಾಗುತ್ತದೆ.

ಎಲ್ಲರೂ ಹೋದ ಮೇಲೆ ನಾನೊಬ್ಬನೇ ಮೂರ್ತಿಯ ಕಾಲಿನ ಮೇಲೆ ಕೈಯಿಟ್ಟೆ. ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಬೆಚ್ಚಗಿತ್ತು. ಅಪ್ಪ ಇರಬೇಕಿತ್ತು ಅನಿಸಿತು, ಚೌಕದ ನಡುವೆಯೇ ನಿಂತು ಅತ್ತುಬಿಟ್ಟೆ. ಯಾರು ನೋಡಿದರೂ ನೋಡಲಿ ಎಂದುಕೊಂಡೆ.

ಈಗ ನಿನ್ನ ಗಂಡನಿಗೆ ಒಂದು ಮಾತು ಹೇಳು. ಆ ಇಳಿಜಾರಿನಲ್ಲಿ ಇನ್ನೂ ಏನನ್ನೂ ನೆಟ್ಟಿಲ್ಲ ತಾನೇ? ನೆಡುವುದು ಬೇಡ. ಅವಳ ಇನ್ನೊಂದು ಪಾದ ಅಲ್ಲೇ ಇರಬೇಕು, ಮಂಡಿ, ಸೊಂಟ, ಆ ಓರೆಯಾದ ಭುಜ ಎಲ್ಲವೂ. ನಮ್ಮಪ್ಪ ಅವಳನ್ನು ಅಲ್ಲಿಗೆ ಹೊತ್ತುಕೊಂಡು ಹೋದಾಗ ಕತ್ತಲಿತ್ತು, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ನಾನು ಅದೇ ದಾರಿಯಲ್ಲಿ ಬರುವ ಸೋಮವಾರ ಹಗಲು ಹೊತ್ತಿನಲ್ಲಿ, ಮುಖ ತೆರೆದುಕೊಂಡು ಬರುತ್ತಿದ್ದೇನೆ. ನಿನ್ನ ಅತ್ತೆಯೂ ಹೊರಟಿದ್ದಾಳೆ, ತಡೆಯಲು ಆಗಲಿಲ್ಲ. ಬಿಂದೊನಿಗೆ ಬೇರೆ ರೊಟ್ಟಿ ಕಟ್ಟಿಕೊಂಡಿದ್ದಾಳೆ.

ಗುದ್ದಲಿ ನಾನೇ ತರುತ್ತೇನೆ. ಫ್ಲಾರೆನ್ಸಿನ ಗುದ್ದಲಿಯನ್ನು ನಾನು ನಂಬುವುದಿಲ್ಲ. ನೀನು ಮೇಲಿನ ಸಾಲಿನಲ್ಲಿ ನಿಂತಿರು, ದೂರದಿಂದಲೇ ಕಾಣಿಸಬೇಕು ನನಗೆ.

ನಿನ್ನ ಅಪ್ಪ
ಮಿನೂಚ್ಚೊ